ಅಂಚಿನಲ್ಲಿ ಹಸಿರು ಶಾಯಿ

ಭಾನುವಾರ, ಬೆಳಿಗ್ಗೆ

ಬೆಂಚು ಮೇಜುಗಳ ಯಜಮಾನರಿಗೆ,

ನಮಸ್ಕಾರ. ನಾನು ಇಲ್ಲಿ ಕ್ಷೇಮ. ನೀವೂ ಕ್ಷೇಮವಾಗಿದ್ದೀರೆಂದು ನಿಮ್ಮ ತಂಗಿ ಫೋನಿನಲ್ಲಿ ಹೇಳಿದಳು. ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಕ್ಷೇಮವಾಗಿದ್ದೀರೆಂದು ಅವಳ ದನಿಯಿಂದ ನನಗೆ ಅರ್ಥವಾಯಿತು. ಆ ವಿಚಾರಕ್ಕೆ ಆಮೇಲೆ ಬರುತ್ತೇನೆ.

ನಾಲ್ಕು ವರ್ಷದಲ್ಲಿ ನಾನು ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಇಷ್ಟು ದಿನ ನಮ್ಮಿಬ್ಬರ ನಡುವೆ ಓಡಾಡಿದ್ದು ಪುಸ್ತಕಗಳು ಮಾತ್ರ. ನೀವು ಓದಿ, ಅಂಚಿನಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ ಅಂಚೆಗೆ ಹಾಕುತ್ತಿದ್ದಿರಿ. ನಾನು ಓದಿ, ಪಕ್ಕದಲ್ಲಿ ನನ್ನದೊಂದು ಮಾತು ಸೇರಿಸಿ ಹಿಂದಕ್ಕೆ ಕಳಿಸುತ್ತಿದ್ದೆ. ಮಗಳು ಹಾಸ್ಟೆಲಿನಿಂದ ಫೋನು ಮಾಡಿದಾಗಲೆಲ್ಲ, ನೀವಿಬ್ಬರೂ ಮಾತು ಬಿಟ್ಟಿದ್ದೀರೋ ಇಲ್ಲವೋ ಒಂದು ಸಲ ತೀರ್ಮಾನ ಮಾಡಿ ಎಂದು ನಗುತ್ತಾಳೆ. ಮಾತು ಬಿಟ್ಟಿದ್ದೇವೆ, ಓದು ಬಿಟ್ಟಿಲ್ಲ ಎಂದು ಹೇಳಿ ನಾನೂ ನಗುತ್ತೇನೆ.

ಮೊನ್ನೆ ನಿಮ್ಮ ಪೊಟ್ಟಣ ಬಂತು. ಒಳಗೆ ಮಕ್ಕಳ ತಪ್ಪುಗಳ ಬಗೆಗಿನ ನಮ್ಮ ಆ ಹಳೆಯ ಪುಸ್ತಕ, ನಾವು ತಪ್ಪಿನ ಪುಸ್ತಕ ಎನ್ನುತ್ತಿದ್ದದ್ದು, ಅದರೊಳಗೆ ಒಂದು ಚೀಟಿ. ಕಾರ್ಖಾನೆಯ ಮುಂದಿನ ಕೋಣೆಯನ್ನು ಓದುವ ಕೋಣೆ ಮಾಡುತ್ತಿದ್ದೀರಂತೆ. ಬೆಂಚು ಕೊಳ್ಳಲು ಬರುವ ಶಾಲೆಯವರು, ನಿಮ್ಮ ಬಡಗಿಗಳು, ಬೀದಿಯಲ್ಲಿ ಹೋಗುವವರು, ಯಾರು ಬೇಕಾದರೂ ಬಂದು ಕೂತು ಓದಬಹುದಂತೆ. ಕಥೆ ಕಾದಂಬರಿ ಬೇಡ, ವ್ಯಾಪಾರ, ಮನಸ್ಸು, ಮಕ್ಕಳ ಕಲಿಕೆ, ಈ ಮೂರರ ಪುಸ್ತಕ ಸಾಕಂತೆ. ಯಾವುದನ್ನು ಇಡಬೇಕೋ ಗೊತ್ತಾಗುತ್ತಿಲ್ಲ, ನೀನು ಆರಿಸಿ ಹೇಳು ಎಂದು ಬರೆದಿದ್ದೀರಿ. ನನ್ನ ಹತ್ತಿರ ಇರುವ ಪುಸ್ತಕಗಳನ್ನೂ ಕೊಟ್ಟರೆ ಒಳ್ಳೆಯದು ಎಂದೂ ಬರೆದಿದ್ದೀರಿ.

ಎಷ್ಟು ಸಲೀಸಾಗಿ ಕೇಳಿಬಿಟ್ಟಿರಿ. ನನ್ನ ಪುಸ್ತಕಗಳೆಲ್ಲ ನಿಮ್ಮ ಕೋಣೆ ಸೇರಿದರೆ ಇನ್ನು ಅಂಚೆಯಲ್ಲಿ ಓಡಾಡುವುದಕ್ಕೆ ಏನು ಉಳಿಯಿತು? ಇರುವುದೊಂದು ನೆಪ. ಅದೂ ಹೋದರೆ ನೀವು ಅಲ್ಲಿ, ನಾನು ಇಲ್ಲಿ, ಪಡಿತರ ಚೀಟಿಯಲ್ಲಿ ಮಾತ್ರ ಗಂಡ ಹೆಂಡತಿ. ಪಟ್ಟಿಯ ಹೆಸರಿನಲ್ಲಿ ನೀವು ಬಿಡುಗಡೆ ಕೇಳುತ್ತಿದ್ದೀರಿ ಎಂದೇ ನನಗೆ ಅನ್ನಿಸಿತು. ಅದನ್ನಾದರೂ ತಡೆದುಕೊಳ್ಳುತ್ತಿದ್ದೆನೋ ಏನೋ. ಆದರೆ ಪುಸ್ತಕ ಬಿಚ್ಚಿದರೆ ಅಂಚಿನ ತುಂಬ ಹಸಿರು ಶಾಯಿಯ ಬರವಣಿಗೆ. ನಿಮ್ಮ ಪೆನ್ಸಿಲ್ ಒಂದು ಕಡೆಯೂ ಇಲ್ಲ.

ಸುತ್ತಿ ಬಳಸಿ ಕೇಳುವುದಿಲ್ಲ. ಯಾರವಳು?

ನಮ್ಮ ಮನೆಯ ಕಟ್ಟಳೆಯನ್ನು ನಿಮಗೆ ನೆನಪಿಸುವ ಕಾಲ ಬಂತು. ಪುಸ್ತಕಕ್ಕೆ ಪೆನ್ಸಿಲ್ ಮಾತ್ರ, ಶಾಯಿ ಸೋಕಿಸಕೂಡದು. ನಾಳೆ ಮನಸ್ಸು ಬದಲಾದರೆ ಅವರವರು ಬರೆದದ್ದನ್ನು ಅವರವರೇ ಅಳಿಸಿಕೊಳ್ಳಬಹುದು. ಇನ್ನೊಬ್ಬರು ಬರೆದದ್ದನ್ನು ಮುಟ್ಟುವ ಹಾಗಿಲ್ಲ. ಮದುವೆಯಾದ ಹೊಸದರಲ್ಲಿ, ಇಬ್ಬರಿಗೂ ಸೇರಿ ಒಂದೇ ಪ್ರತಿ ಕೊಳ್ಳುತ್ತಿದ್ದ ಕಾಲದಲ್ಲಿ, ನಾವೇ ಮಾಡಿಕೊಂಡ ಕಾನೂನು ಅದು. ಆಗ ನನ್ನ ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಸಿಕ್ಕಿಸಿರುತ್ತಿತ್ತು. ನೀವು ನನ್ನನ್ನು ಸೀಸದಕಡ್ಡಿ ಎಂದು ಕರೆಯುತ್ತಿದ್ದಿರಿ. ನಾನು ಒತ್ತಿ ಬರೆಯುವುದನ್ನು ನೋಡಿ, ಕೈಯಲ್ಲಿರುವುದು ಪೆನ್ಸಿಲೋ ಉಳಿಯೋ ಎಂದು ರೇಗಿಸುತ್ತಿದ್ದಿರಿ. ಬಡಗಿಗಳಿಗೆ ಕಿವಿಯ ಮೇಲೆ, ಹೆಂಡತಿಗೆ ತುರುಬಿನಲ್ಲಿ, ಪೆನ್ಸಿಲ್ ಇಲ್ಲದ ತಲೆಯೇ ನಿಮ್ಮ ಸುತ್ತಮುತ್ತ ಇರಲಿಲ್ಲ.

ಅದಕ್ಕೂ ಹಿಂದಿನದು ನೆನಪಿದೆಯೇ? ನಮ್ಮ ಶಾಲೆಗೆ ಒಂದು ಲಾರಿ ಬೆಂಚು ತಂದು ಇಳಿಸಿದಿರಿ. ಒಂದನೇ ತರಗತಿಯ ಮಕ್ಕಳು ಕೂತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಹೆಡ್‌ಮಾಸ್ಟರಿಗೆ ಬೆಂಚು ಫಳಫಳ ಹೊಳೆದದ್ದೇ ಸಾಕಾಗಿತ್ತು. ನಾನು ನಿಮ್ಮನ್ನು ಒಳಗೆ ಕರೆದು ಆ ಜೋಲಾಡುವ ಕಾಲುಗಳನ್ನು ತೋರಿಸಿದೆ. ಬೇರೆಯವರಾಗಿದ್ದರೆ, ಅಳತೆ ಕೊಟ್ಟದ್ದು ನೀವೇ ತಾನೇ ಎನ್ನುತ್ತಿದ್ದರು. ನೀವು ಮಂಡಿಯೂರಿ ಕೂತು ನೋಡಿ, "ನನಗೆ ಗೊತ್ತಿರಲಿಲ್ಲ, ಹೇಳಿಕೊಡಿ" ಅಂದಿರಿ. ಟೀಚರಿಗೆ ಆ ಮಾತನ್ನು ಮಕ್ಕಳೂ ಹೇಳುವುದಿಲ್ಲ. ಅಷ್ಟೂ ಬೆಂಚನ್ನು ಹಿಂದಕ್ಕೆ ಒಯ್ದು, ಕಾಲು ಕೊಯ್ದು, ಮತ್ತೆ ತಂದಿರಿ. ಒಂದೊಂದು ಬೆಂಚಿನ ಅಡಿಯಲ್ಲೂ ಬಣ್ಣದ ಒಂದು ಗೀಟು ಇತ್ತು. ಏನದು ಎಂದು ಕೇಳಿದರೆ, ತಪ್ಪಾಗಿದ್ದನ್ನು ಸರಿಮಾಡಿ ಆದ ಮೇಲೆ ಹಾಕುವ ಗುರುತು ಎಂದಿರಿ. ನಾನು ಮರುಳಾದದ್ದು ಅಲ್ಲೇ.

ಆಮೇಲೆ ನಮ್ಮ ಓದು ಶುರುವಾಯಿತು. ವ್ಯಾಪಾರದ ಪುಸ್ತಕ ನೀವು ತರುತ್ತಿದ್ದಿರಿ, ಕಲಿಕೆಯ ಪುಸ್ತಕ ನಾನು ತರುತ್ತಿದ್ದೆ, ಮನಸ್ಸಿನ ಬಗೆಗಿನವು ಇಬ್ಬರಿಗೂ ಸೇರಿದ್ದು. ಅವುಗಳ ನಿಜವಾದ ಹೆಸರು ನಮಗೆ ಬಾಯಿಗೇ ಬರುತ್ತಿರಲಿಲ್ಲ. ರಟ್ಟಿನ ಮೇಲೆ ಏಣಿ ಇದ್ದರೆ ಏಣಿ ಪುಸ್ತಕ, ಕಿವಿ ಇದ್ದರೆ ಕಿವಿ ಪುಸ್ತಕ. ಆ ಕಿವಿ ಪುಸ್ತಕ ಮನೆಗೆ ಬಂದ ಗಳಿಗೆ ಚೆನ್ನಾಗಿರಲಿಲ್ಲ. ಎದುರಿನವರ ಮಾತನ್ನೇ ತಿರುಗಿಸಿ ಹೇಳಿದರೆ ಅವರ ಮನಸ್ಸು ಹಗುರವಾಗುತ್ತದೆ ಎಂದು ಅದರಲ್ಲಿತ್ತು. ಗ್ಯಾಸು ಮುಗಿದಿದೆ ಎಂದು ನಾನು ಅಂದರೆ, "ಗ್ಯಾಸು ಮುಗಿದಿದೆ ಅಂತ ನಿನಗೆ ಬೇಸರ ಆಗಿದೆ" ಎಂದು ನೀವು ತಲೆಯಾಡಿಸುತ್ತ ಕೂರುತ್ತಿದ್ದಿರಿ. ನನಗೆ ಬೇಸರವಾಗಿರಲಿಲ್ಲ, ಗ್ಯಾಸು ಮುಗಿದಿತ್ತು. ಹೀಗೆ ಒಂದೊಂದು ಪುಸ್ತಕ ಮುಗಿದ ಹಾಗೂ ನಿಮಗೆ ಎಲ್ಲ ಗೊತ್ತಾಗುತ್ತ ಬಂತು. ಮಗಳ ಹಟಕ್ಕೆ ಒಂದು ಕಾರಣ, ನನ್ನ ತಲೆನೋವಿಗೆ ಒಂದು ಕಾರಣ, ಎಲ್ಲಕ್ಕೂ ಉತ್ತರ ಸಿದ್ಧ. ಕಾರ್ಖಾನೆ ಬೆಳೆಯಿತು, ನಿಜ. ಹೇಳಿಕೊಡಿ ಎಂದಿದ್ದ ಬಾಯಿಂದ ಮತ್ತೆ ಆ ಮಾತು ಬರಲಿಲ್ಲ.

ಕೊನೆಗೆ ಆ ರಬ್ಬರು. ದೊಡ್ಡ ಶಾಲೆಗಳ ಸಂಘದವರು ಕಾರ್ಖಾನೆ ನೋಡಲು ಬರುವವರಿದ್ದರು. ಮುಂದಿನ ಕೋಣೆ ವ್ಯಾಪಾರದ ಮುಖ ಎಂದು ಏಣಿ ಪುಸ್ತಕದಲ್ಲಿ ಓದಿಕೊಂಡು ಮನೆಯ ಪುಸ್ತಕಗಳನ್ನು ಅಲ್ಲಿಗೆ ಸಾಗಿಸಿದಿರಿ. ಗೀಚಿದ ಪುಸ್ತಕ ನೋಡಿದವರು ಏನೆಂದುಕೊಂಡಾರು ಎಂದು ರಬ್ಬರು ಹಿಡಿದು ಕೂತಿರಿ. ನಾನು ಶಾಲೆಯಿಂದ ಬಂದಾಗ ಒಂದು ಕಪಾಟು ಪೂರ್ತಿ ಮುಗಿದಿತ್ತು. ನಿಮ್ಮ ಮಡಿಲಿನಲ್ಲಿ, ಕುರ್ಚಿಯ ಸುತ್ತ, ಎಲ್ಲೆಲ್ಲೂ ರಬ್ಬರಿನ ಕಪ್ಪು ಪುಡಿ. ಅದರಲ್ಲಿ ನಿಮ್ಮ ಗೀಟುಗಳೂ ಇದ್ದವು, ಒಪ್ಪುತ್ತೇನೆ. ನಿಮ್ಮದನ್ನು ಅಳಿಸಲು ನಿಮಗೆ ಹಕ್ಕಿತ್ತು. ಇಪ್ಪತ್ತು ವರ್ಷ ನಾನು ಓದುತ್ತ ಯೋಚಿಸಿದ್ದೆಲ್ಲ ಆ ಅಂಚುಗಳಲ್ಲಿತ್ತು. ಬೇರೆ ಎಲ್ಲೂ ನಾನು ಏನನ್ನೂ ಬರೆದಿಟ್ಟವಳಲ್ಲ. ನೀವು ತಲೆ ಎತ್ತಿ, "ಪೆನ್ಸಿಲ್ ತಾನೇ, ಇನ್ನೊಂದ್ಸಲ ಬರೆದರಾಯ್ತು ಬಿಡು" ಅಂದಿರಿ.

ನಾನು ಆ ಪುಡಿ ಗುಡಿಸಿ ಹೊರಗೆ ಹಾಕಿದೆ. ರಬ್ಬರು ಮುಟ್ಟದೆ ಉಳಿದಿದ್ದ ಪುಸ್ತಕಗಳನ್ನು ಎತ್ತಿಕೊಂಡು, ವರ್ಗ ಕೇಳಿ, ಈ ಊರಿನ ಶಿಕ್ಷಕರ ತರಬೇತಿ ಶಾಲೆಗೆ ಬಂದೆ. ಒಂದು ರಬ್ಬರಿಗೋಸ್ಕರ ಯಾರಾದರೂ ಮನೆ ಬಿಡುತ್ತಾರಾ ಎಂದು ನಿಮ್ಮ ತಂಗಿ ಕಂಡಕಂಡವರನ್ನೆಲ್ಲ ಕೇಳಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನನ್ನದು ರಬ್ಬರಿಗೆ ಹೋಯಿತು, ಅಷ್ಟೇ ವ್ಯತ್ಯಾಸ.

ಈಗ ನೀವು ಕಳಿಸಿರುವುದು ಆ ಕಪಾಟಿನ ಪುಸ್ತಕ. ನೋಡಿದ ಕೂಡಲೇ ಗುರುತು ಸಿಕ್ಕಿತು. ನನ್ನನ್ನು ಖಾಲಿ ಮಾಡಿಸಿದ ಜಾಗಕ್ಕೆ ಹೊಸ ಬಾಡಿಗೆದಾರಳನ್ನು ಕರೆತಂದಿದ್ದೀರಿ. ನನಗೆ ಪೆನ್ಸಿಲ್, ಆಕೆಗೆ ಶಾಯಿ. ಎಂದರೆ ಆಕೆ ಖಾಯಂ.

ನಿಮ್ಮ ತಂಗಿ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ, ಉಪ್ಪು ಖಾರ ಅವಳದೇ. ವ್ಯಾಪಾರದ ಸಲಹೆ ಕೊಡುವವಳೊಬ್ಬಳು ವಾರಕ್ಕೆರಡು ಸಲ ಬರುತ್ತಾಳಂತೆ. ಮನಃಶಾಸ್ತ್ರವನ್ನೂ ಓದಿಕೊಂಡಿದ್ದಾಳಂತೆ. ಕೂದಲು ಕತ್ತರಿಸಿಕೊಂಡಿದ್ದಾಳಂತೆ, ನಗುನಗುತ್ತ ಮಾತಾಡುತ್ತಾಳಂತೆ. ಓದುವ ಕೋಣೆ ಆಕೆಯದೇ ಉಪಾಯವಂತೆ. ನೀವಿಬ್ಬರೂ ಪುಸ್ತಕ ಹರವಿಕೊಂಡು ಕೂತರೆ ಊಟದ ಹೊತ್ತು ಮೀರಿದ್ದೂ ಗೊತ್ತಾಗುವುದಿಲ್ಲವಂತೆ. "ಅತ್ತಿಗೆ, ನಾನೇನೂ ಹೇಳ್ತಿಲ್ಲಪ್ಪ, ನೋಡಿದ್ದು ಹೇಳಿದೆ" ಎಂದು ಫೋನಿಟ್ಟಳು. ಏನೂ ಹೇಳದೆ ಅವಳು ಎಷ್ಟು ಹೇಳುತ್ತಾಳೆಂದು ನಿಮಗೆ ಗೊತ್ತೇ ಇದೆ.

ಕತ್ತರಿಸಿದ ಕೂದಲಿನಲ್ಲಿ ಪೆನ್ಸಿಲ್ ನಿಲ್ಲುವುದಿಲ್ಲ. ಅದಕ್ಕೇ ಪೆನ್ನು ಹಿಡಿದಿರಬೇಕು. ಅಕ್ಷರ ನೋಡಿದರೆ ಒಂದನೇ ತರಗತಿಯದು, ದುಂಡಗೆ, ನಿಧಾನವಾಗಿ, ಎಲ್ಲಿ ತಪ್ಪಾದೀತೋ ಎಂದು ಹೆದರಿ ಹೆದರಿ ಬರೆದ ಹಾಗೆ. ಇಷ್ಟೆಲ್ಲ ಓದಿದವಳಿಗೆ ಕೈಬರಹ ಬರಲಿಲ್ಲವಲ್ಲ ಎಂದು ಸ್ವಲ್ಪ ಹೊತ್ತು ಸಂತೋಷಪಟ್ಟೆ.

ಆ ಸಂತೋಷ ಓದುವ ತನಕ ಮಾತ್ರ. ಈ ತಪ್ಪಿನ ಪುಸ್ತಕ ಏನು ಹೇಳುತ್ತದೆಂದು ನಿಮಗೆ ಗೊತ್ತಿದೆ: ಮಗು ತಪ್ಪು ಬರೆದರೆ ಅಳಿಸಲು ಬಿಡಬೇಡಿ, ತಪ್ಪು ಅಲ್ಲೇ ಇರಲಿ, ಸರಿಯಾದದ್ದನ್ನು ಪಕ್ಕದಲ್ಲಿ ಬರೆಯಲಿ, ಆಗ ಅದು ಎಲ್ಲಿ ದಾರಿ ತಪ್ಪಿತೆಂದು ನಿಮಗೂ ಕಾಣುತ್ತದೆ. ಅಂಥ ಪುಸ್ತಕವನ್ನೇ ರಬ್ಬರು ಹಿಡಿದು ಉಜ್ಜಿದ ಮಹಾನುಭಾವರು ನೀವು. ಆ ಮಾತಿನ ಎದುರಿಗೆ ಹಸಿರಿನಲ್ಲಿ ಹೀಗಿದೆ: "ಅಳಿಸಿದ್ದು ಟೀಚರಿಗೆ ಕಾಣುವುದಿಲ್ಲ, ಹಾಳೆಗೆ ಗೊತ್ತಿರುತ್ತದೆ."

ಅದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತೆ. ನಾನಿರುವುದು ಟೈಲರ್ ಅಂಗಡಿಯ ಮೇಲಿನ ಕೋಣೆ, ಹಗಲೆಲ್ಲ ಕೆಳಗೆ ಹೊಲಿಗೆ ಮಿಷನ್ನು ಕಟಕಟ ಅನ್ನುತ್ತಿರುತ್ತದೆ. ನನಗೆ ಹೊಟ್ಟೆಕಿಚ್ಚು ಆಯಿತು, ಹೌದು. ಆಕೆಯ ಕೂದಲಿಗಾಗಲಿ ನಗುವಿಗಾಗಲಿ ಆಗಿದ್ದರೆ ನಾನೇ ನನ್ನನ್ನು ಬೈದುಕೊಳ್ಳುತ್ತಿದ್ದೆ. ಆ ಸಾಲು ಚೆನ್ನಾಗಿದೆ, ಅದಕ್ಕೆ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿ, ಈಗ ಟೀಚರುಗಳಿಗೇ ಪಾಠ ಹೇಳುವವಳು ನಾನು. ನನಗೆ ಇದು ಏಕೆ ಹೊಳೆಯಲಿಲ್ಲ? ಆಕೆ ನಿಮ್ಮ ಪಕ್ಕದಲ್ಲಿ ಕೂರುತ್ತಾಳೆಂಬುದನ್ನು ಹೇಗೋ ಸಹಿಸಬಹುದು. ನನಗಿಂತ ಚೆನ್ನಾಗಿ ಓದುತ್ತಾಳೆಂಬುದನ್ನು ಸಹಿಸಲು ಆಗುತ್ತಿಲ್ಲ. ನಿಮಗೆ ಹೆಂಡತಿ ಬೇಕಾಗಿಲ್ಲದೆ ಇರಬಹುದು, ಜೊತೆಯಲ್ಲಿ ಓದುವವಳು ನಾನೊಬ್ಬಳೇ ಎಂದು ನಂಬಿಕೊಂಡಿದ್ದೆ.

ಇರಲಿ. ಕೇಳಿದ್ದೀರಿ, ಪಟ್ಟಿ ಹೇಳುತ್ತೇನೆ. ಟೀಚರನ್ನು ಏನಾದರೂ ಕೇಳಿದರೆ ಹೇಳದೆ ಇರಲು ನಮಗೆ ಬರುವುದಿಲ್ಲ.

ವ್ಯಾಪಾರಕ್ಕೆ ಏಣಿ ಪುಸ್ತಕ ಇಡಿ. ಹತ್ತುವುದು ಹೇಗೆಂದು ಚೆನ್ನಾಗಿ ಹೇಳಿದ್ದಾರೆ. ಕೆಳಗೆ ಏಣಿ ಹಿಡಿದುಕೊಂಡು ನಿಂತವರ ವಿಷಯ ಒಂದು ಪುಟವೂ ಇಲ್ಲ, ಅದನ್ನು ನಿಮ್ಮ ಸಲಹೆಗಾರ್ತಿ ಬಾಯಲ್ಲಿ ಹೇಳಲಿ. ಅದಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇರುವ ಬೀಗದ ಪುಸ್ತಕ, ಸಣ್ಣ ಅಂಗಡಿಗಳು ಏಕೆ ಮುಚ್ಚಿಹೋಗುತ್ತವೆ ಎಂಬುದರ ಬಗ್ಗೆ ಬರೆದದ್ದು. ಗೆದ್ದವರು ತಮ್ಮ ಗೆಲುವಿಗೆ ಏನೇನೋ ಕಾರಣ ಹೇಳುತ್ತಾರೆ, ಸೋತವರು ಸುಳ್ಳು ಹೇಳುವುದು ಕಡಿಮೆ. ನಿಮ್ಮ ಕೋಣೆಗೆ ಬರುವ ಪ್ರತಿಯೊಬ್ಬ ವ್ಯಾಪಾರಿಯೂ ಅದನ್ನು ಓದಬೇಕು. ಆದರೆ ಅದರ ಅಂಚಿನಲ್ಲಿ ನನ್ನ ಮಾತುಗಳಿವೆ, ಆಕೆಯ ಕೈಗೆ ಕೊಡಲಾರೆ. ಅಂಗಡಿಯಿಂದ ಹೊಸ ಪ್ರತಿ ತರಿಸಿಕೊಳ್ಳಿ.

ಮನಸ್ಸಿಗೆ ಕಿವಿ ಪುಸ್ತಕ ಬೇಡ. ಇಟ್ಟರೆ ಬಂದವರು ಓದಲಿ, ನೀವು ಮುಟ್ಟಬೇಡಿ. ಅದರ ಬದಲು ಆಮೆ ಪುಸ್ತಕ ಇಡಿ, ಅಭ್ಯಾಸಗಳ ಬಗ್ಗೆ ಇರುವುದು. ಹಳೆಯ ಅಭ್ಯಾಸ ಸಾಯುವುದಿಲ್ಲ, ಅದರ ಮೇಲೆ ಹೊಸದೊಂದು ಬಂದು ಕೂರುತ್ತದೆ ಅಷ್ಟೇ ಎಂದು ಅದರಲ್ಲಿದೆ. ನಿಮ್ಮ ಮನೆಯಲ್ಲಿ ಹೊಸದು ಯಾವುದು ಬಂದು ಕೂತಿದೆ ಎಂದು ನಾನು ಕೇಳುವುದಿಲ್ಲ. ಹೊಟ್ಟೆಕಿಚ್ಚಿನ ಬಗ್ಗೆಯೂ ಒಂದು ಪುಸ್ತಕವಿದೆ, ಈ ವಾರವೇ ನಮ್ಮ ಶಾಲೆಯ ಲೈಬ್ರರಿಯಿಂದ ತಂದು ಓದಿದೆ. ಯಾರ ಮೇಲೆ ಉರಿಯುತ್ತದೆಂದು ನೋಡಬೇಡಿ, ನಿಮಗೆ ಏನು ಬೇಕಾಗಿದೆ ಅದನ್ನು ಒಂದು ಸಾಲಿನಲ್ಲಿ ಹೇಳಿಕೊಳ್ಳಿ ಎನ್ನುತ್ತಾರೆ. ಹೇಳಿಕೊಂಡೆ. ಏನೆಂದು ನಿಮಗೆ ತಿಳಿಸುವ ಅಗತ್ಯವಿಲ್ಲ. ಪುಸ್ತಕ ಚೆನ್ನಾಗಿದೆ, ಇಡಿ. ಆಕೆಗೂ ಮುಂದೆ ಉಪಯೋಗಕ್ಕೆ ಬಂದೀತು.

ಕಲಿಕೆಗೆ ಈ ತಪ್ಪಿನ ಪುಸ್ತಕ ಇರಲೇಬೇಕು. ಶಾಲೆ ನಡೆಸುವವರು ಬೆಂಚು ಕೊಳ್ಳುವ ಮೊದಲು ಇದರಲ್ಲಿ ತರಗತಿಯ ಕೋಣೆಯ ಬಗ್ಗೆ ಇರುವ ಅಧ್ಯಾಯ ಓದಲಿ. ಎಷ್ಟನೆಯ ಪುಟವೆಂದು ನಿಮಗೆ ತಿಳಿಸೋಣ ಎಂದು ಈಗ ತೆರೆದೆ. ಅಲ್ಲೂ ಹಸಿರು: "ಬೆಂಚಿಗೆ ದುಡ್ಡು ಕೊಡುವವರು ಒಬ್ಬರು, ಕೂರುವವರು ಇನ್ನೊಬ್ಬರು. ಕೂರುವವರ ಕಾಲು ನೋಡಿ."

ಇದು ನಮ್ಮ ಮಾತು. ಆ ಜೋಲಾಡುವ ಕಾಲುಗಳು ನನ್ನ ತರಗತಿಯವು. ನೀವು ಹೇಳದೆ ಇವಳಿಗೆ ಹೇಗೆ ಗೊತ್ತಾಗಬೇಕು? ಊಟದ ಹೊತ್ತು ಮೀರುವಷ್ಟು ಕೂತು ಇದನ್ನೆಲ್ಲ ಅವಳಿಗೆ ಹೇಳಿದಿರಾ? ನಮ್ಮ ಮೊದಲನೆಯ ದಿನವನ್ನೂ ಅವಳಿಗೆ ಕೊಟ್ಟುಬಿಟ್ಟಿರಾ?

ಸೋಮವಾರ, ಸಂಜೆ

ನಿನ್ನೆ ಅಲ್ಲಿಗೇ ನಿಲ್ಲಿಸಿದೆ. ಏಕೆ ನಿಲ್ಲಿಸಿದೆನೆಂದು ಮುಚ್ಚಿಡಬಹುದಿತ್ತು. ಆದರೆ ಪುಸ್ತಕ ನಿಮ್ಮ ಕೈಗೆ ಬರುತ್ತದೆ, ಆ ಪುಟ ನೋಡಿದರೆ ನಿಮಗೇ ತಿಳಿಯುತ್ತದೆ.

ಮೇಜಿನ ಖಾನೆಯಿಂದ ಶಾಯಿ ಅಳಿಸುವ ಗಟ್ಟಿ ರಬ್ಬರು ತೆಗೆದೆ. ಹೌದು, ನಾನೇ. ಯಾವ ಕೆಲಸಕ್ಕಾಗಿ ನಾಲ್ಕು ವರ್ಷ ನಿಮ್ಮ ಮುಖ ನೋಡಲಿಲ್ಲವೋ ಅದೇ ಕೆಲಸಕ್ಕೆ ಕೂತೆ. ಬೇರೆ ಯಾವ ಸಾಲು ಬೇಕಾದರೂ ಅವಳದಾಗಿರಲಿ, ಬೆಂಚಿನ ಸಾಲು ಮಾತ್ರ ಅವಳ ಹೆಸರಿನಲ್ಲಿ ಇರಕೂಡದು ಎಂದು ಹಲ್ಲು ಕಚ್ಚಿ ಉಜ್ಜಿದೆ. ಶಾಯಿ ಎದ್ದು ಬಂತು, ಹಾಳೆಯ ಸಿಪ್ಪೆಯೂ ಸ್ವಲ್ಪ ಎದ್ದಿತು. ಅಕ್ಷರ ಹೋಗಲಿಲ್ಲ. ಹಸಿರೆಲ್ಲ ಹೋದ ಮೇಲೂ ಅಕ್ಷರ ಅಲ್ಲೇ ಇತ್ತು, ಬಣ್ಣವಿಲ್ಲದೆ, ಹಾಳೆಯಲ್ಲಿ ಕೊರೆದ ಹಾಗೆ.

ಪುಟ ತಿರುವಿ ಹಿಂಬದಿಯಲ್ಲಿ ಬೆರಳಾಡಿಸಿದೆ. ಉಬ್ಬುಗಳು ತಗುಲಿದವು. ಪೆನ್ನು ಹಿಡಿದವರು ಯಾರೂ ಇಷ್ಟು ಒತ್ತಿ ಬರೆಯುವುದಿಲ್ಲ. ಇಷ್ಟು ಒತ್ತಿ ಬರೆಯುವ ಒಬ್ಬಳೇ ಒಬ್ಬಳನ್ನು ನಾನು ಬಲ್ಲೆ. ಪುಸ್ತಕವನ್ನು ಕಿಟಕಿಗೆ ಒಯ್ದು ಓರೆಯಾಗಿ ಹಿಡಿದು ನೋಡಿದೆ. ಸಿಟ್ಟಿನಲ್ಲಿ ಮೊದಲು ಕಂಡಿರಲಿಲ್ಲ. ಉಳಿದ ಪುಟಗಳಲ್ಲೂ ಹಸಿರಿನ ಅಡಿಯಲ್ಲಿ ಸಣ್ಣ ಸಣ್ಣ ಕಾಲುವೆಗಳಿದ್ದವು. ಪೆನ್ನು ಆ ಕಾಲುವೆಯಲ್ಲೇ ಮೆಲ್ಲಗೆ ಹೋಗಿತ್ತು. ಅಲ್ಲಲ್ಲಿ ಜಾರಿ ದಡಕ್ಕೆ ಬಂದು ಮತ್ತೆ ಒಳಗೆ ಇಳಿದಿತ್ತು. ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ತಿದ್ದುವಾಗ ಅಕ್ಷರ ಹೀಗೇ ದುಂಡಗಾಗುತ್ತದೆ, ಹೀಗೇ ಹೆದರುತ್ತದೆ. ಒಂದನೇ ತರಗತಿಯಲ್ಲಿ ಸಾವಿರ ಸಲ ನೋಡಿದ್ದೇನೆ. ಎರಡು ದಿನ ಎದುರಿಗಿಟ್ಟುಕೊಂಡೂ ಗುರುತಿಸಲಿಲ್ಲ.

ಎಲ್ಲ ನನ್ನವು. ಬೆಂಚಿನ ಸಾಲು ನನ್ನದು. "ಹಾಳೆಗೆ ಗೊತ್ತಿರುತ್ತದೆ" ಎಂಬುದೂ ನನ್ನದೇ. ಯಾವಾಗ ಬರೆದೆನೋ, ಬರೆದು ಯಾವಾಗ ಮರೆತೆನೋ. ಎರಡು ದಿನ ಊಟ ಸೇರದೆ, ಯಾವಳ ಮೇಲೆ ಹೊಟ್ಟೆ ಉರಿದುಕೊಂಡೆನೋ ಅವಳು ನಾನೇ.

ಆದರೂ ಗಟ್ಟಿಮಾಡಿಕೊಳ್ಳೋಣ ಎಂದು ಇವತ್ತು ಶಾಲೆಯಿಂದ ಬಂದವಳೇ ನಿಮ್ಮ ತಂಗಿಗೆ ಫೋನು ಮಾಡಿದೆ. ಆ ಸಲಹೆಗಾರ್ತಿ ಯಾವ ಬಣ್ಣದ ಪೆನ್ನಿನಲ್ಲಿ ಬರೆಯುತ್ತಾಳೆ ಎಂದು ಕೇಳಿದೆ. ಆಕೆ ಪೆನ್ನು ಹಿಡಿದದ್ದನ್ನೇ ಕಂಡಿಲ್ಲವಂತೆ, ಎಲ್ಲ ಲ್ಯಾಪ್‌ಟಾಪಿನಲ್ಲೇ ಅಂತೆ. ಆಮೇಲೆ ದನಿ ಇಳಿಸಿ ಅವಳು ಹೇಳಿದ ಮಾತು ಇದು: "ಪುಸ್ತಕದಲ್ಲಿ ಬರೀತಾ ಕೂರೋದು ಅಣ್ಣಾನೇ ಅತ್ತಿಗೆ. ಕಿಟಕಿ ಹತ್ತಿರ ಭೂತಕನ್ನಡಿ ಹಿಡ್ಕೊಂಡು, ಅ ಆ ಇ ಈ ತಿದ್ದೋರ ಥರ. ತಲೆ ಕೆಟ್ಟಿದೆ ಅಂದ್ಕೊಂಡು ನಾನು ನಿಮಗೆ ಹೇಳಿರಲಿಲ್ಲ." ಹೇಳಬೇಕಾದ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುವುದು ಅವಳ ಪದ್ಧತಿ.

ಫೋನಿಟ್ಟ ಮೇಲೆ ಬೆಂಚಿನ ಅಡಿಯ ಗೀಟು ನೆನಪಾಯಿತು. ತಪ್ಪಾಗಿದ್ದನ್ನು ಸರಿಮಾಡಿ ಆದ ಮೇಲೆ ನಿಮ್ಮ ಕಾರ್ಖಾನೆಯಲ್ಲಿ ಹಾಕುವ ಗುರುತಿನ ಬಣ್ಣ ಹಸಿರು. ಆಗ ಕುರ್ಚಿಯಲ್ಲಿ ಕೂತು ಅತ್ತೆ. ಕೆಳಗೆ ಮಿಷನ್ನು ನಿಂತಿತ್ತು, ಟೈಲರಿಗೆ ಕೇಳಿಸಿರಬಹುದು.

ಇಷ್ಟಕ್ಕೆ ನನ್ನ ಹೊಟ್ಟೆಕಿಚ್ಚು ಆರಿತೆಂದು ಮಾತ್ರ ತಿಳಿಯಬೇಡಿ. ಸಲಹೆಗಾರ್ತಿಯ ಮೇಲಿದ್ದದ್ದು ಇಳಿಯಿತು. ಪಾಪ, ಆಕೆಗೆ ನನ್ನ ನಮಸ್ಕಾರ ತಿಳಿಸಿ, ಕೂದಲಿನ ವಿಷಯ ಹೇಳಬೇಡಿ. ಈಗ ಉರಿಯುತ್ತಿರುವುದು ಆ ಹಳೆಯ ಸೀಸದಕಡ್ಡಿಯ ಮೇಲೆ. ನೀವು ಭೂತಕನ್ನಡಿ ಹಿಡಿದು ಹುಡುಕುತ್ತಿರುವುದು ಅವಳನ್ನು. ಅವಳು ಹೊಳೆದದ್ದನ್ನು ಹೊಳೆದ ಹಾಗೇ ಬರೆಯುತ್ತಿದ್ದಳು, ಹಾಳೆ ಹರಿಯುವಷ್ಟು ಒತ್ತಿ ಬರೆಯುತ್ತಿದ್ದಳು. ನಾಲ್ಕು ವರ್ಷದಿಂದ ನಾನು ನಿಮಗೆ ಹಿಂದಕ್ಕೆ ಕಳಿಸಿದ ಪುಸ್ತಕಗಳನ್ನು ತೆಗೆದು ನೋಡಿ. ಹೌದು, ಇಲ್ಲ, ಇರಬಹುದು. ಇದನ್ನು ಬಿಟ್ಟು ಏನಿದೆ? ಯಾವಾಗ ಅಳಿಸಿಹೋಗುತ್ತದೋ ಎಂದು ಗಾಳಿಯಲ್ಲಿ ಬರೆದ ಹಾಗೆ ಹಗುರವಾಗಿ ಬರೆದೆ. ಅದರ ಮೇಲೆ ತಿದ್ದಬೇಕೆಂದರೂ ನಿಮಗೆ ಕಾಲುವೆ ಸಿಗುವುದಿಲ್ಲ. ತುರುಬು ಸಣ್ಣದಾಗಿದೆ, ಪೆನ್ಸಿಲ್ ಚೀಲದಲ್ಲಿರುತ್ತದೆ, ಗ್ಯಾಸು ಮುಗಿದರೆ ಈಗ ನಿಜಕ್ಕೂ ಬೇಸರವಾಗುತ್ತದೆ. ಅವಳೇ ಬೇಕಾಗಿದ್ದರೆ ನಿಮ್ಮ ಕಪಾಟಿನಲ್ಲಿ ಇದ್ದಾಳೆ, ಹಸಿರು ಶಾಯಿಯಲ್ಲಿ ಚೆನ್ನಾಗಿ ಉಳಿಯುತ್ತಾಳೆ. ಈಗಿನವಳೂ ಬೇಕೋ ಎಂಬುದನ್ನು ನೀವು ಪುಸ್ತಕದಲ್ಲಿ ನೋಡದೆ ಹೇಳಬೇಕು.

ನನ್ನ ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ಬೇಕಾದರೆ ಬಂದು ಎತ್ತಿಕೊಂಡು ಹೋಗಿ. ಮೆಟ್ಟಿಲು ಕಡಿದಾಗಿದೆ, ಪೆಟ್ಟಿಗೆ ಭಾರವಿದೆ, ಆಳು ಕರೆತರಬೇಡಿ, ಸಲಹೆಗಾರರನ್ನೂ ಕರೆತರಬೇಡಿ. ಒಬ್ಬರೇ ಬನ್ನಿ. ಪುಸ್ತಕಗಳ ಜೊತೆಗೆ ನಾನೂ ಬರುತ್ತೇನೋ ಎಂದು ಕೇಳಿದರೆ ಈಗ ಹೇಳಲಾರೆ. ನನಗೆ ಗೊತ್ತಿಲ್ಲ. ನೀವು ಮೇಲೆ ಹತ್ತಿ ಬಂದು ಇಲ್ಲಿ ಖಾಲಿಯಿರುವ ಇನ್ನೊಂದು ಕುರ್ಚಿಯಲ್ಲಿ ಕೂತರೆ ಗೊತ್ತಾದೀತು.

ಇಂತಿ,
ಸೀಸದಕಡ್ಡಿ

ಮರೆತಿದ್ದೆ: ಪುಸ್ತಕವನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಉಜ್ಜಿದ ಪುಟಕ್ಕೆ ಕ್ಷಮೆ ಇರಲಿ, ಅಲ್ಲಿ ಬೇಕಾದರೆ ಇನ್ನೊಮ್ಮೆ ತಿದ್ದಿಕೊಳ್ಳಿ. ಕೊನೆಯ ಅಧ್ಯಾಯದಲ್ಲಿ ನೀವು ಒಂದು ಸಾಲನ್ನು ತಿದ್ದದೆ ಬಿಟ್ಟಿದ್ದೀರಿ. ಕಾಣಿಸದೆ ಬಿಟ್ಟಿರೆಂದರೆ ನಂಬುವುದಿಲ್ಲ, ಎಲ್ಲಕ್ಕಿಂತ ಹೆಚ್ಚು ಒತ್ತಿ ಬರೆದದ್ದು ಅದೇ. ನಾಚಿಕೆಯಾಯಿತೋ, ಇನ್ನು ಅದು ನಿಜವಲ್ಲ ಎನ್ನಿಸಿತೋ. ಗೊತ್ತಿಲ್ಲ ಎಂದು ಹೇಳಲು ಮಗುವಿಗೆ ಧೈರ್ಯ ಕೊಡಿ ಎಂಬ ಮಾತಿನ ಎದುರಿಗೆ ನಾನು ಬರೆದಿದ್ದೆ: "ಗೊತ್ತಿಲ್ಲ, ಹೇಳಿಕೊಡಿ ಅನ್ನುವಾಗ ಇವರ ಮುಖ ನನಗೆ ತುಂಬ ಇಷ್ಟ." ಯಾವ ಪುಸ್ತಕ ಇಡಬೇಕೋ ಗೊತ್ತಾಗುತ್ತಿಲ್ಲ ಎಂದು ಚೀಟಿ ಬರೆಯುವಾಗ ಆ ಮುಖ ಇತ್ತೋ ಏನೋ, ನಾನು ನೋಡಲಿಲ್ಲ. ಆ ಸಾಲನ್ನು ನಾನೇ ತಿದ್ದಿದ್ದೇನೆ. ಶಾಯಿಯಲ್ಲಿ.